ಚೀಟಿ ಎತ್ತಿದರೆ ತಪ್ಪೇನು?

ಬಡತನ, ಒಂಟಿತನ, ಎಳೆ ವಯಸ್ಸಿನ ಬಸಿರು ಇವೆಲ್ಲ ಸೇರಿಕೊಂಡ ಮನೆಗೆ ದಾದಿಯೋ ತರಬೇತಾದ ಕಾರ್ಯಕರ್ತೆಯೋ ಒಂದೆರಡು ವರ್ಷ ಹೋಗಿಬರುತ್ತಿದ್ದರೆ ಕೂಸಿಗೆ ಬೀಳುವ ಪೆಟ್ಟು, ಆಗುವ ನಿರ್ಲಕ್ಷ್ಯ ಕಡಿಮೆಯಾಗುತ್ತದೆ. ಈ ನಂಬಿಕೆಯ ಮೇಲೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ದೊಡ್ಡ ಯೋಜನೆಗಳೇ ನಿಂತಿವೆ. ನಾನೂ ಈ ಕೆಲಸದ ಪರವೇ. ಆದರೆ ಅರ್ಹ ಕುಟುಂಬಗಳ ನಡುವೆ ಚೀಟಿ ಎತ್ತಿ, ಕೆಲವರ ಮನೆಗೆ ಹೋಗಿ, ಉಳಿದವರ ಜೊತೆ ಹೋಲಿಸಿ ನೋಡೋಣ ಎಂದರೆ ಸಾಕು, ಈ ಕೆಲಸವನ್ನು ಪ್ರೀತಿಸುವವರೇ ಮುನಿಸಿಕೊಳ್ಳುತ್ತಾರೆ. ಅವರ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

"ನಾವು ಹೋದ ಮನೆಗಳಲ್ಲಿ ಮಗುವಿಗೆ ಏನೂ ಆಗಲಿಲ್ಲ. ಇನ್ನೇನು ಸಾಕ್ಷಿ ಬೇಕು?"

ಹವಾಯಿಯಲ್ಲಿ ಹೇಳಿದ್ದೂ ಇದನ್ನೇ. 1985ರಲ್ಲಿ ಓಆಹು ದ್ವೀಪದಲ್ಲಿ ಶುರುವಾದ 'ಹೆಲ್ದಿ ಸ್ಟಾರ್ಟ್' ಯೋಜನೆಯ ಮನೆಗಳಲ್ಲಿ ದೌರ್ಜನ್ಯದ ಪ್ರಕರಣ ಇಲ್ಲವೆನ್ನುವಷ್ಟು ವಿರಳ ಎಂಬ ಸುದ್ದಿ ಹಬ್ಬಿತು. ಅದೇ ಮಾದರಿಯಲ್ಲಿ 1992ರಲ್ಲಿ 'ಹೆಲ್ದಿ ಫ್ಯಾಮಿಲೀಸ್ ಅಮೆರಿಕ' ಹುಟ್ಟಿ ರಾಜ್ಯದಿಂದ ರಾಜ್ಯಕ್ಕೆ ಹರಡಿತು. ಯಾರೂ ಹೋಗದಿದ್ದರೂ ಅಂಥ ಮನೆಗಳಲ್ಲಿ ಹೆಚ್ಚಿನವು ಸರಕಾರಿ ಕಡತ ಸೇರುತ್ತಲೇ ಇರಲಿಲ್ಲವಲ್ಲ ಎಂಬ ಪ್ರಶ್ನೆ ಆ ಉತ್ಸಾಹದಲ್ಲಿ ಹಿಂದೆ ಬಿತ್ತು. ಆಮೇಲೆ ಜಾನ್ಸ್ ಹಾಪ್ಕಿನ್ಸ್‌ನ ಆನ್ ಡಗನ್ ಮತ್ತು ಸಂಗಡಿಗರು 643 ಕುಟುಂಬಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಮೂರು ವರ್ಷ ಹಿಂಬಾಲಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದೌರ್ಜನ್ಯ ತಡೆಯುವ ಮಟ್ಟಿಗೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಆ ಅಧ್ಯಯನ ಯೋಜನೆಯನ್ನು ಹೊಡೆದುರುಳಿಸಿತು ಎಂದು ಕೊರಗುವವರು ಅದರ ಇನ್ನೊಂದು ಭಾಗವನ್ನೂ ಓದಬೇಕು. ಸುಮಾರು ಅರ್ಧದಷ್ಟು ಕುಟುಂಬಗಳು ವರ್ಷ ತುಂಬುವುದರೊಳಗೆ ಯೋಜನೆಯಿಂದ ಜಾರಿಹೋಗಿದ್ದವು. ಗಂಡನ ಹೊಡೆತ, ಕುಡಿತ, ತಾಯಿಯ ಖಿನ್ನತೆ ಕಣ್ಣೆದುರಿಗಿದ್ದರೂ ಕಾರ್ಯಕರ್ತೆಯರು ಎಷ್ಟೋ ಸಲ ಗುರುತಿಸಿರಲಿಲ್ಲ, ಗುರುತಿಸಿದರೂ ಮಾತೆತ್ತಿರಲಿಲ್ಲ. ತಾಯಿಯ ಜೊತೆ ಸ್ನೇಹ ಕೆಡಬಾರದೆಂದು ಸುಮ್ಮನಿರುವುದು ಮನುಷ್ಯಸಹಜ. ಆದರೆ ಮಗುವಿಗೆ ಅಪಾಯ ಬರುವುದೇ ಆ ದಿಕ್ಕಿನಿಂದ. ತರಬೇತಿಯಲ್ಲಿ ಏನು ಬದಲಾಗಬೇಕು ಎಂದು ತಿಳಿಸಿಕೊಟ್ಟದ್ದು ಮೌಲ್ಯಮಾಪನವೇ.

"ಕಷ್ಟದಲ್ಲಿರುವ ಅರ್ಧ ಜನರನ್ನು ಕೈಬಿಡುವುದು ಕ್ರೌರ್ಯ."

ಎಲ್ಲರ ಮನೆಗೂ ಹೋಗುವಷ್ಟು ದಾದಿಯರಿದ್ದರೆ ಈ ಮಾತನ್ನು ಒಪ್ಪುತ್ತಿದ್ದೆ. ಇಲ್ಲದಿರುವಾಗ ಯಾರೋ ಹೇಗೂ ಬಿಟ್ಟುಹೋಗುತ್ತಾರೆ. ಮೊದಲು ಬಂದವರಿಗೆ, ಪರಿಚಯದವರಿಗೆ ಕೊಡುವುದಕ್ಕಿಂತ ಚೀಟಿ ಎತ್ತುವುದು ನ್ಯಾಯವಾದದ್ದೇ. ಅದಲ್ಲದೆ, ಭೇಟಿ ಒಳ್ಳೆಯದನ್ನೇ ಮಾಡುತ್ತದೆ ಎಂದು ಮೊದಲೇ ತೀರ್ಮಾನಿಸಿದ್ದು ಯಾರು? ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಆಗಲೇ ದೌರ್ಜನ್ಯ ಅಥವಾ ನಿರ್ಲಕ್ಷ್ಯ ನಡೆದಿದ್ದ 163 ಕುಟುಂಬಗಳಲ್ಲಿ ಕೆಲವಕ್ಕೆ ದಾದಿಯರನ್ನು ಕಳಿಸಿ ನೋಡಿದರು. 2005ರಲ್ಲಿ ಬಂದ ವರದಿಯ ಪ್ರಕಾರ ಅದು ಮರುಕಳಿಸುವುದು ತಪ್ಪಲಿಲ್ಲ. ಆಸ್ಪತ್ರೆಯ ದಾಖಲೆಗಳಲ್ಲಂತೂ ದಾದಿಯರು ಹೋದ ಗುಂಪಿನಲ್ಲೇ ಹೆಚ್ಚು ಪ್ರಕರಣಗಳಿದ್ದವು.

"ದಾದಿಯ ಕಣ್ಣಿಗೆ ಹೆಚ್ಚು ಬೀಳುತ್ತದೆ, ಅದಕ್ಕೇ ದೂರು ಹೆಚ್ಚು. ಅಂದಮೇಲೆ ಅಳೆಯುವುದೇ ವ್ಯರ್ಥ."

ಮೊದಲರ್ಧ ನಿಜ, ಇವರ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ಹೊರಗಿನವರು ಒಳಗೆ ಕಾಲಿಟ್ಟ ಮನೆಯಲ್ಲಿ ಬಾಸುಂಡೆ ಬಚ್ಚಿಡುವುದು ಕಷ್ಟ. ಹಾಗೆಂದು ಅಳತೆ ಕೈಬಿಡಬೇಕಿಲ್ಲ, ದೂರುಗಳ ಜೊತೆಗೆ ಬೇರೆಯದನ್ನೂ ಎಣಿಸಬೇಕು, ಹೆಚ್ಚು ಕಾಲ ಎಣಿಸಬೇಕು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಡೇವಿಡ್ ಓಲ್ಡ್ಸ್ 1978ರಲ್ಲಿ ಆರಂಭಿಸಿದ, 400 ಮಹಿಳೆಯರ ಪ್ರಯೋಗವನ್ನು ನೋಡಿ. ಭೇಟಿ ನಿಂತ ನಂತರದ ಎರಡು ವರ್ಷ ದೌರ್ಜನ್ಯದ ದೂರುಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಆದರೆ ದಾದಿಯರು ಹೋಗಿದ್ದ ಮನೆಗಳ ಮಕ್ಕಳಿಗೆ ಗಾಯಗಳು ಕಡಿಮೆಯಾಗಿದ್ದವು, ತುರ್ತು ಚಿಕಿತ್ಸೆಗೆ ಹೋದದ್ದೂ ಕಡಿಮೆ. ಮಕ್ಕಳಿಗೆ 15 ವರ್ಷವಾಗುವ ಹೊತ್ತಿಗೆ ತಾಯಿಯ ಮೇಲಿನ ಖಚಿತಪಟ್ಟ ಪ್ರಕರಣಗಳ ಸರಾಸರಿ ಭೇಟಿ ಸಿಕ್ಕವರಲ್ಲಿ 0.29, ಸಿಗದವರಲ್ಲಿ 0.54. ನಾಲ್ಕನೇ ವರ್ಷಕ್ಕೆ ಕಡತ ಮುಚ್ಚಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಹೆಂಡತಿಗೆ ಹೊಡೆತ ತೀರಾ ಹೆಚ್ಚಾಗಿದ್ದ ಮನೆಗಳಲ್ಲಿ ಭೇಟಿಯ ಫಲ ಅಳಿಸಿಹೋಗಿತ್ತು.

"ಎಲ್ಮೈರಾದಲ್ಲಿ ಸಿದ್ಧವಾಯಿತಲ್ಲ, ಮತ್ತೆ ಮತ್ತೆ ಪರೀಕ್ಷೆ ಏಕೆ?"

ಊರು ಬದಲಾದರೆ ಹೋಲಿಕೆಯೂ ಬದಲಾಗುತ್ತದೆ, ಅದಕ್ಕೆ. ಓಲ್ಡ್ಸ್ ಮಾದರಿಯನ್ನೇ ತಂದುಕೊಂಡ ಇಂಗ್ಲೆಂಡ್, 18 ಪ್ರದೇಶಗಳಲ್ಲಿ 1,600ಕ್ಕೂ ಹೆಚ್ಚು ಹದಿಹರೆಯದ ಚೊಚ್ಚಲ ಬಸುರಿಯರನ್ನಿಟ್ಟುಕೊಂಡು ಪರೀಕ್ಷಿಸಿತು. ಬಸಿರಿನಲ್ಲಿ ಧೂಮಪಾನ, ಕೂಸಿನ ತೂಕ, ಎರಡು ವರ್ಷದೊಳಗೆ ಮತ್ತೆ ಬಸಿರು, ಮಗುವಿನ ತುರ್ತು ಆಸ್ಪತ್ರೆ ಭೇಟಿ, ಇವು ಯಾವುದರಲ್ಲೂ 2015ರ ಫಲಿತಾಂಶ ವ್ಯತ್ಯಾಸ ತೋರಿಸಲಿಲ್ಲ. ಅಲ್ಲಿ ಯೋಜನೆಯ ಹೊರಗಿದ್ದವರಿಗೂ ಸೂಲಗಿತ್ತಿ, ಹೆಲ್ತ್ ವಿಸಿಟರ್ ಸೇವೆ ಪುಕ್ಕಟೆಯಾಗಿ ಸಿಗುತ್ತಿತ್ತು ಎಂಬುದು ಒಂದು ಕಾರಣವಿರಬಹುದು. ಆದರೆ ಅದೇ ಮಾದರಿಯನ್ನು ಒಳ್ಳೆಯ ಆರೋಗ್ಯ ವ್ಯವಸ್ಥೆಯಿರುವ ನೆದರ್ಲೆಂಡ್ಸ್‌ನಲ್ಲಿ 460 ಮಹಿಳೆಯರ ಮೇಲೆ ಪ್ರಯೋಗಿಸಿದಾಗ, ಮೂರು ವರ್ಷದೊಳಗೆ ಮಕ್ಕಳ ರಕ್ಷಣಾ ಸಂಸ್ಥೆಗೆ ವರದಿಯಾದವರು ಶೇ. 11, ಹೋಲಿಕೆಯ ಗುಂಪಿನಲ್ಲಿ ಶೇ. 19. ಹಾಗಾಗಿ ಬರೀ "ಮನೆಭೇಟಿ ಫಲಿಸುತ್ತದೆಯೇ?" ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾರು, ಯಾರ ಮನೆಗೆ, ಎಷ್ಟು ಸಲ ಹೋದರು ಎಂದು ಕೇಳಬೇಕು.

"ಪ್ರೀತಿಯನ್ನು ಅಂಕಿಯಲ್ಲಿ ಹಿಡಿಯಲಾಗದು." ಸರಿ. ಮುರಿದ ಮೂಳೆಗಳನ್ನು ಎಣಿಸಬಹುದು.

"ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಹೋಗುತ್ತಾರೆ. ಇದನ್ನೂ ಅವರಿಗೇ ಸೇರಿಸಿದರೆ ಮುಗಿಯಿತು."

ಮುಗಿಯುವುದಿಲ್ಲ. ನವಜಾತ ಶಿಶುವಿನ ಮನೆ ಆರೈಕೆ ಯೋಜನೆಯಲ್ಲಿ ಆಸ್ಪತ್ರೆ ಹೆರಿಗೆಯಾದರೆ 42 ದಿನಗಳಲ್ಲಿ ಆರು ಭೇಟಿ. ಆಕೆ ನೋಡುವುದು ಕೂಸಿನ ತೂಕ, ಮೈಬಿಸಿ, ಉಸಿರು, ಹಾಲು ಕುಡಿಯುವ ರೀತಿ. ಇಷ್ಟಕ್ಕೂ ಯೋಜನೆ ನಿಗದಿ ಮಾಡಿದ್ದ ಪ್ರೋತ್ಸಾಹಧನ 250 ರೂಪಾಯಿ. ಎಲ್ಮೈರಾದ ದಾದಿಯರು ಬಸಿರಿನಲ್ಲಿ ಹೋಗಲು ಶುರುಮಾಡಿ ಮಗುವಿಗೆ ಎರಡು ವರ್ಷವಾಗುವ ತನಕ ಬಿಡಲಿಲ್ಲ. ಡೆನ್ವರ್‌ನಲ್ಲಿ ದಾದಿಯರ ಬದಲು ಸ್ಥಳೀಯ ಸಹಾಯಕಿಯರನ್ನು ಕಳಿಸಿ ನೋಡಿದಾಗ ಫಲ ಸುಮಾರು ಅರ್ಧಕ್ಕಿಳಿಯಿತು. ಆಶಾ ಅದೇ ಬೀದಿಯವಳು, ಎಷ್ಟೋ ಕಡೆ ಆ ಮನೆಯವರಿಗೆ ನೆಂಟಳು. ಒಳಗೆ ನಡೆಯುವ ಹೊಡೆತ ಕಣ್ಣಿಗೆ ಬಿದ್ದರೆ ಯಾರಿಗೆ ಹೇಳಬೇಕು, ಹೇಳಿದ ಮಾರನೆಯ ದಿನ ಆ ಬೀದಿಯಲ್ಲಿ ಹೇಗೆ ಓಡಾಡಬೇಕು ಎಂಬುದಕ್ಕೆ ಉತ್ತರ ಸಿದ್ಧಮಾಡಿಕೊಂಡು, ಆಮೇಲೆ ಆಕೆಯ ಚೀಲಕ್ಕೆ ಹೊಸ ನಮೂನೆ ಸೇರಿಸಲಿ.