ಆನೆ ರಜೆಯ ಕೂಲಿ

ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಕಾಡಾನೆಗಳ ವಿಷಯವಾಗಿ ಒಂದೇ ವಾರದಲ್ಲಿ ನನಗೆ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, "ಸಾರ್, ನಾವೇ ಆನೆಯ ಮನೆಗೆ ನುಗ್ಗಿದವರು. ಶಾಂತಿಯಿಂದ ಸಹಬಾಳ್ವೆ ನಡೆಸುವುದನ್ನು ನಮ್ಮ ಜನ ಯಾವಾಗ ಕಲಿಯುತ್ತಾರೆ?" ಎಂದು ಕೇಳಿದ್ದಾನೆ. ಆಲೂರಿನ ಕಡೆ ಮೂರೆಕರೆ ಕಾಫಿ, ಒಂದಿಷ್ಟು ಗದ್ದೆ ಇಟ್ಟುಕೊಂಡಿರುವವನು, "ಎಲ್ಲವನ್ನೂ ಹಿಡಿದು ಲಾರಿಗೆ ಹತ್ತಿಸಲಿ ಸಾರ್, ಇನ್ನು ಸಾಕು" ಎಂದಿದ್ದಾನೆ. ಇಬ್ಬರೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವರು. ಇಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಇಲ್ಲಿಯೇ ಒಟ್ಟಿಗೆ ಬರೆದರೆ ಉಳಿದವರಿಗೂ ತಲುಪೀತು ಎನಿಸಿತು.

ನಾನು ಸೇವೆಗೆ ಸೇರಿದ 1980ರ ದಶಕದಲ್ಲಿ ಆಲೂರು ಸೀಮೆಯ ಮಕ್ಕಳಿಗೆ ಆನೆಯೆಂದರೆ ಮೈಸೂರು ದಸರೆಯ ಆನೆ, ಇಲ್ಲವೇ ಪಾಠದ ಪುಸ್ತಕದ ಆನೆ. ನನ್ನ ಸೇವೆಯ ಕೊನೆಯ ಹದಿನೈದು ವರ್ಷಗಳಲ್ಲಿ ಮಾತ್ರ ಆನೆಯ ಹೆಸರು ಹಾಜರಿ ಪುಸ್ತಕದವರೆಗೂ ಬಂದಿತ್ತು. ಜ್ವರ, ಮದುವೆ, ಜಾತ್ರೆಗಳ ಜೊತೆಗೆ "ದಾರಿಯಲ್ಲಿ ಆನೆ ಇದ್ದ ಪ್ರಯುಕ್ತ" ಎಂಬ ಒಕ್ಕಣೆಯ ರಜಾ ಚೀಟಿಗಳು ಬರತೊಡಗಿದವು. ಶಿಕ್ಷಕರ ಕೊಠಡಿಯಲ್ಲಿ ನಾವು ಅದಕ್ಕೆ 'ಆನೆ ರಜೆ' ಎಂದು ಹೆಸರಿಟ್ಟಿದ್ದೆವು. ನಗುತ್ತಲೇ ಇಟ್ಟ ಹೆಸರು. ಆದರೆ ಜನವರಿಯಿಂದ ಮಾರ್ಚ್‌ವರೆಗೆ ಹತ್ತನೆಯ ತರಗತಿಗೆ ಸಂಜೆ ಆರರ ತನಕ ನಡೆಸುತ್ತಿದ್ದ ವಿಶೇಷ ತರಗತಿಗಳನ್ನು ನಿಲ್ಲಿಸಬೇಕಾಗಿ ಬಂದಾಗ ಯಾರೂ ನಗಲಿಲ್ಲ. ಕತ್ತಲಾಗುವ ಮುನ್ನ ಮಕ್ಕಳು ತೋಟದ ದಾರಿ ದಾಟಿ ಮನೆ ಸೇರಬೇಕಿತ್ತು. ಅನುಕೂಲವಿದ್ದವರ ಮಕ್ಕಳು ಹಾಸನಕ್ಕೆ ಟ್ಯೂಷನ್ನಿಗೆ ಹೋದರು. ಲೈನು ಮನೆಯ ಮಕ್ಕಳಿಗೆ ಗಣಿತ ಅಲ್ಲಿಗೇ ನಿಂತಿತು. ಸರ್ಕಾರದ ಯಾವ ಬೆಳೆಹಾನಿ ಅರ್ಜಿಯಲ್ಲಿಯೂ ಈ ನಷ್ಟವನ್ನು ಬರೆಯಲು ಅಂಕಣವಿಲ್ಲ.

ಮೊದಲು ಆಲೂರಿನವನಿಗೆ. ನೀನು ಹೇಳುವ ಕೆಲಸವನ್ನು ಮಾಡಿ ನೋಡಿಯಾಗಿದೆ, ಮಾರಾಯ. ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾಗಿ, ಪ್ರೊ. ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ವರದಿ ಕೊಟ್ಟಿತು. ಆನೆಗೇ ಮೀಸಲಾದ ವಲಯ, ಆನೆ ಮತ್ತು ಮನುಷ್ಯ ಕೂಡಿ ಬಾಳುವ ವಲಯ, ಆನೆಯನ್ನು ತೆರವು ಮಾಡಬೇಕಾದ ವಲಯ ಎಂದು ಮೂರು ಬಗೆಯಾಗಿ ಅದು ನಾಡನ್ನು ವಿಂಗಡಿಸಿತು. ಆಲೂರಿನ ಆನೆಗಳನ್ನು ಹಿಡಿಯಬೇಕೆಂದೂ ಶಿಫಾರಸು ಮಾಡಿತು. ಅದರಂತೆ 2014ರಲ್ಲಿ ಆಲೂರು, ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದರು. ಆಮೇಲೇನಾಯಿತೆಂಬುದನ್ನು ನೀನೇ ಬಲ್ಲೆ. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು.

ಏಕೆ ಬಾರವು? ದಿನಕ್ಕೆ ನೂರೈವತ್ತು ಕಿಲೋ ಮೇವು, ನೂರು ಲೀಟರಿಗೂ ಮೀರಿ ನೀರು ಬೇಕಾದ ಪ್ರಾಣಿಗೆ ನಮ್ಮ ಕಾಫಿ ತೋಟದಂಥ ನೆಲೆ ಇನ್ನೆಲ್ಲಿದೆ? ಬೇಸಗೆಯಲ್ಲಿಯೂ ನೆರಳು, ತೋಟಕ್ಕೊಂದು ಕೆರೆ, ಪಕ್ಕದಲ್ಲಿ ಹೇಮಾವತಿಯ ಹಿನ್ನೀರು, ಮಳೆ ಹಿಡಿಯುವ ಹೊತ್ತಿಗೆ ನೆರಳಿನ ಮರಗಳಲ್ಲೇ ಹಲಸಿನ ಹಣ್ಣು, ಕಾರ್ತಿಕದಲ್ಲಿ ಹಾಲು ತುಂಬಿದ ಭತ್ತ. ಈ ತೋಟಗಳಲ್ಲಿಯೇ ಹುಟ್ಟಿ ಇಲ್ಲಿಯೇ ತಾಯಾದ ಆನೆಗಳಿವೆ. ಅವುಗಳನ್ನು ದಾರಿ ತಪ್ಪಿ ಬಂದ ಆನೆಗಳೆಂದು ಕರೆಯುವುದರಲ್ಲಿ ಅರ್ಥವಿಲ್ಲ. ಅವುಗಳಿಗೆ ಇದೇ ಊರು. ಪಟಾಕಿ ಸಿಡಿಸಿ ಓಡಿಸಿದರೆ ನಿನ್ನ ತೋಟದಿಂದ ನೆರೆಯವರ ತೋಟಕ್ಕೆ ಹೋಗುತ್ತವೆ, ಅವರು ಮರಳಿ ನಿನ್ನಲ್ಲಿಗೆ ಕಳುಹಿಸುತ್ತಾರೆ. ಹೀಗೆ ಅತ್ತಿಂದಿತ್ತ ಅಟ್ಟಿಸಿಕೊಂಡ ಹಿಂಡು ಬೆಳಗಿನ ಜಾವ ಯಾರ ಎದುರಿಗೆ ನಿಲ್ಲುತ್ತದೋ ಅವರ ಗತಿ ದೇವರಿಗೇ ಪ್ರೀತಿ.

ರೈಲು ಹಳಿಯ ಬೇಲಿಯಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಕಾಡಿನ ಅಂಚಿನಲ್ಲಿ ಅದರಿಂದ ಅನೇಕ ಊರುಗಳಿಗೆ ನೆಮ್ಮದಿ ದೊರಕಿದೆ. ಆದರೆ ಅದನ್ನೂ ದಾಟಲು ಕಲಿತ ಆನೆಗಳಿವೆ, ದಾಟಲು ಹೋಗಿ 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯ ಬಳಿ ಸಿಕ್ಕಿಕೊಂಡು ಸತ್ತ ಆನೆಯೂ ಇದೆ. ಅಲ್ಲದೆ ನಮ್ಮಲ್ಲಿ ಆನೆ ಬೇಲಿಯ ಆಚೆಗಿಲ್ಲ, ಈಚೆಗೇ ಇದೆ. ಹಿಡಿಯುವ ಕೆಲಸವೂ ಸುಲಭದ್ದಲ್ಲ. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲೇ, ಗಾಯಗೊಂಡ ಆನೆಗೆ ಅರಿವಳಿಕೆ ಮದ್ದು ಹಾರಿಸಲು ಹೋದ ಇಲಾಖೆಯ ನುರಿತ ಸಿಬ್ಬಂದಿಯೊಬ್ಬರು ಪ್ರಾಣ ತೆತ್ತರು. ಅದೇ ಡಿಸೆಂಬರ್ 4ರಂದು ಯಸಳೂರಿನ ಬಳಿ, ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಡನೆ ಕಾದಾಡಿ ಮಡಿದ.

ಇನ್ನು ಬೆಂಗಳೂರಿನವನಿಗೆ. ನೀನು ಬಳಸಿದ 'ಶಾಂತಿ' ಎಂಬ ಮಾತು ನನಗೂ ಪ್ರಿಯವೇ. ಆದರೆ ಆ ಶಾಂತಿಗೆ ಬೆಲೆ ತೆರುವವರು ಯಾರೆಂದು ಒಮ್ಮೆ ವಿಚಾರಿಸು. ಮುಂಜಾನೆಯ ಮಂಜಿನಲ್ಲಿ ಬುತ್ತಿಯ ಡಬ್ಬಿ ಹಿಡಿದು ಕೆಲಸಕ್ಕೆ ನಡೆಯುವ ಹೆಂಗಸು, ಸಂಜೆಯ ಬಸ್ಸಿಳಿದು ಮನೆಗೆ ಹೋಗುವ ಮುದುಕ, ಕೊಯ್ಲಿಗೆ ಹತ್ತು ದಿನವಿರುವಾಗ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ಸಣ್ಣ ರೈತ. 2025ರಲ್ಲಿ ಪ್ರಕಟವಾದ, ಲದ್ದಿಯ ಡಿಎನ್‌ಎ ಪರೀಕ್ಷೆಯನ್ನು ಆಧರಿಸಿದ ಅಂದಾಜಿನಂತೆ ದೇಶದಲ್ಲಿ 22,446 ಆನೆಗಳಿದ್ದು, ಅವುಗಳಲ್ಲಿ 6,013 ಕರ್ನಾಟಕದಲ್ಲಿವೆ. ಇಡೀ ದೇಶದಲ್ಲಿ ನಾವೇ ಮೊದಲು ಎಂದು ಹೆಮ್ಮೆಪಡುವಾಗ ಆ ಹೆಮ್ಮೆಯ ಬಾಡಿಗೆಯನ್ನು ಕೆಲವೇ ತಾಲ್ಲೂಕುಗಳ ಜನ ಕಟ್ಟುತ್ತಿದ್ದಾರೆ ಎಂಬುದು ನೆನಪಿರಲಿ. ಪರಿಹಾರದ ಹಣ ಇಲ್ಲವೆಂದಲ್ಲ, ಇದೆ. ಆದರೆ ಅರ್ಜಿ, ಪಹಣಿ, ಫೋಟೋ, ಪರಿಶೀಲನೆ ಎಂದು ಅಲೆದು ಕೈಗೆ ಬಂದದ್ದನ್ನು ಎಣಿಸಿದವರು 'ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ' ಎಂಬ ಗಾದೆಯನ್ನೇ ನೆನೆಯುತ್ತಾರೆ.

ಹಾಗಾದರೆ ಒಂದೇ ನೆಲದಲ್ಲಿ ಎರಡೂ ಬಾಳುವುದು ಅಸಾಧ್ಯವೇ? ಅಲ್ಲ. ನಮ್ಮಂಥದೇ ಇನ್ನೊಂದು ತೋಟದ ಸೀಮೆಯನ್ನು ಉದಾಹರಣೆಗೆ ಕೊಡುತ್ತೇನೆ. ತಮಿಳುನಾಡಿನ ಆನೆಮಲೆಯ ಮೇಲಿರುವ ವಾಲ್ಪಾರೈ ಸುಮಾರು 220 ಚದರ ಕಿಲೋಮೀಟರಿನ ಪ್ರಸ್ಥಭೂಮಿ. ಬಹುಪಾಲು ಚಹಾ ತೋಟ, ನಡುನಡುವೆ ಚೂರು ಚೂರು ಕಾಡು, ಸುತ್ತಲೂ ದೊಡ್ಡ ಕಾಡು. ಜನ ಸುಮಾರು ಎಪ್ಪತ್ತು ಸಾವಿರ. ಅಲ್ಲಿಯ ಆನೆಗಳು ಅಕ್ಕಿಯ ಆಸೆಗೆ ಪಡಿತರದ ಅಂಗಡಿಯನ್ನೂ ಶಾಲೆಯ ಬಿಸಿಯೂಟದ ಉಗ್ರಾಣವನ್ನೂ ಒಡೆಯುತ್ತಿದ್ದವು. (ಮೇಷ್ಟರಾದವನಿಗೆ ಇಂಥ ಸಂಗತಿ ಮರೆಯುವುದಿಲ್ಲ.) ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದಕುಮಾರ್ ಮತ್ತು ಅವರ ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಆನೆಗಳ ಹಿಂದೆ ತಿರುಗಿದರು. ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಆನೆಯನ್ನು ಕೆಣಕಿದವರಲ್ಲ. ಆನೆ ಅಲ್ಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಹೀಗಾಗಿ ಅವರು ಆನೆಯನ್ನು ಓಡಿಸುವ ಬದಲು ಆನೆಯ ಸುದ್ದಿಯನ್ನು ಓಡಿಸಿದರು. ಸಂಜೆ ಕೇಬಲ್ ಟೀವಿಯಲ್ಲಿ ಆನೆ ಎಲ್ಲಿದೆಯೆಂಬ ಸಾಲು ಹರಿಯಿತು. ಹತ್ತಿರದ ಮನೆಗಳ ಮೊಬೈಲಿಗೆ ಸಂದೇಶ ಹೋಯಿತು. ಬಸ್ಸಿಳಿಯುವ ತಾಣಗಳಲ್ಲಿ ಎತ್ತರದ ಕಂಬಕ್ಕೆ ಕೆಂಪು ದೀಪ ಕಟ್ಟಿದರು. ಆನೆ ಸಮೀಪದಲ್ಲಿದ್ದರೆ ಊರವರೇ ಫೋನು ಮಾಡಿ ಅದನ್ನು ಉರಿಸಬಹುದು. ಜಂಬದ ಯಂತ್ರವೇನಲ್ಲ, ನೋಡಿ. ಆದರೂ ಸಾವುಗಳು ಕಡಿಮೆಯಾದವು. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ಅದೇ ಉಪಾಯ ಮುಂದೆ ನಮ್ಮ ಹಾಸನ ಜಿಲ್ಲೆಗೂ ಬಂದಿತು. ಹಿಂಡಿನ ಹಿರಿಯ ಹೆಣ್ಣಾನೆಗೆ ರೇಡಿಯೋ ಕಾಲರ್ ತೊಡಿಸಿದರೆ ಸಾಕು, ಹಿಂಡೆಲ್ಲ ಎಲ್ಲಿದೆಯೆಂದು ತಿಳಿಯುತ್ತದೆ. ಏಕೆಂದರೆ ಹಿಂಡು ನಡೆಯುವುದು ಆಕೆಯ ಮಾತಿನಂತೆ. ಸಂದೇಶ, ಧ್ವನಿ ಕರೆ, ರಸ್ತೆಬದಿಯ ಫಲಕ, ವಾಟ್ಸಾಪ್ ಗುಂಪು ಎಲ್ಲವೂ ಈಗ ಇವೆ. ನಮ್ಮ ಜನ ಆನೆಗಳನ್ನು ಭೀಮ, ಬೀಟಮ್ಮ ಎಂದು ಹೆಸರು ಹಿಡಿದು ಮಾತಾಡುತ್ತಾರೆ. ನನ್ನ ಅಕ್ಕನ ಮನೆಯಲ್ಲಿ ಬೆಳಗ್ಗೆ ಕಾಫಿಗಿಂತ ಮೊದಲು ಕೇಳುವ ಪ್ರಶ್ನೆ "ಇವತ್ತು ಎಲ್ಲಿವೆಯಂತೆ?" ಎಂಬುದು.

ನನ್ನ ತಕರಾರು ಆರಂಭವಾಗುವುದು ಇಲ್ಲಿಂದಲೇ. "ಇಂಥ ತೋಟದಲ್ಲಿ ಹಿಂಡು ಬೀಡುಬಿಟ್ಟಿದೆ, ಯಾರೂ ಹೋಗಬೇಡಿ" ಎಂದು ಬೆಳಗ್ಗೆ ಆರಕ್ಕೆ ಸಂದೇಶ ಬಂತೆನ್ನಿ. ಮಾಲೀಕ ಹೋಗುವುದಿಲ್ಲ, ರೈಟರೂ ಹೋಗಲಿಕ್ಕಿಲ್ಲ. ಇಬ್ಬರ ಅನ್ನಕ್ಕೂ ಅದರಿಂದ ಕುತ್ತಿಲ್ಲ. ದಿನಗೂಲಿಯ ಹೆಣ್ಣುಮಗಳಿಗೆ ಮಾತ್ರ ಆ ಸಂದೇಶದ ಅರ್ಥ ಬೇರೆ: ಇವತ್ತು ಕೂಲಿ ಇಲ್ಲ. ಎರಡು ದಿನ ತಡೆದಾಳು. ಮೂರನೆಯ ದಿನ, ಆನೆ ಮೇಲಿನ ಪಟ್ಟೆಯಲ್ಲಿದ್ದರೆ ಕೆಳಗಿನ ಪಟ್ಟೆಯಲ್ಲಿ ಹಣ್ಣು ಬಿಡಿಸೋಣವೆಂದು ಮೇಸ್ತ್ರಿ ಹೇಳಿದರೆ ಆಕೆ ಹೋಗದಿರಲಾರಳು. ಎಚ್ಚರಿಕೆ ತಲುಪಿಯೂ ಅದನ್ನು ಪಾಲಿಸುವ ಶಕ್ತಿ ಆಕೆಗಿಲ್ಲ. ನಾವು ಆಕೆಗೆ ಸುದ್ದಿ ಕೊಟ್ಟಿದ್ದೇವೆ, ಸುದ್ದಿಯಂತೆ ನಡೆಯುವ ಅನುಕೂಲ ಕೊಟ್ಟಿಲ್ಲ.

ಆದ್ದರಿಂದ ಆನೆ ರಜೆಗೆ ಕೂಲಿ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಅರಣ್ಯ ಇಲಾಖೆಯ ಸಂದೇಶವೇ ದಾಖಲೆಯಾಗಲಿ. ಆ ದಿನ ಆ ತೋಟದ ಹಾಜರಿ ಪುಸ್ತಕದಲ್ಲಿರುವವರಿಗೆ ಅರ್ಧ ಕೂಲಿಯಾದರೂ ಸಲ್ಲಲಿ. ದೊಡ್ಡ ಎಸ್ಟೇಟುಗಳು ತಾವೇ ಕೊಡಲಿ, ಅವಕ್ಕೆ ಅದು ಹೊರೆಯಲ್ಲ. ಮೂರೆಕರೆಯವನ ಮೇಲೆ ಹೇರುವುದು ಅನ್ಯಾಯ, ಅವನ ಪಾಲನ್ನು ಸರ್ಕಾರ ವಹಿಸಲಿ. ಸುಳ್ಳು ಲೆಕ್ಕ ಬರೆಯುತ್ತಾರೆಂದು ನಮ್ಮ ಮನೆಯಲ್ಲೇ ಒಬ್ಬರು ಆಕ್ಷೇಪಿಸಿದರು. ಬರೆದಾರು. ಬಿಸಿಯೂಟದಲ್ಲಿಯೂ ಸುಳ್ಳು ಹಾಜರಿ ಬರೆದವರುಂಟು. ಅದಕ್ಕಾಗಿ ಬಿಸಿಯೂಟವನ್ನು ಯಾರೂ ನಿಲ್ಲಿಸಲಿಲ್ಲ, ಲೆಕ್ಕ ನೋಡುವವರನ್ನು ನೇಮಿಸಿದರು.

ಬೆಂಗಳೂರಿನವನು ಕೇಳಬಹುದು, ಇದಕ್ಕೆ ತನ್ನಂಥವರು ಏನು ಮಾಡಬೇಕೆಂದು. ಕೊಳ್ಳೇಗಾಲದ ಕಡೆ ಎಡೆಯಾರಹಳ್ಳಿ ಮತ್ತು ದೊಡ್ಡಸಂಪಿಗೆಯ ನಡುವಿನ ಆನೆದಾರಿಗಾಗಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನನ್ನು ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ದೂರದಲ್ಲಿರುವವರ ಪ್ರೀತಿ ಹಣದ ರೂಪದಲ್ಲಿ ಬಂದಾಗ ಆನೆಗೂ ರೈತನಿಗೂ ಅದರಿಂದ ಉಪಕಾರವಾಗುತ್ತದೆ. ನೆಲಕ್ಕೆ ಹಣ ಕೂಡಿಸಬಹುದಾದರೆ ಕೂಲಿಗೂ ಕೂಡಿಸಬಹುದಲ್ಲವೇ?

ನಿಮ್ಮಲ್ಲಿ ಸಕಲೇಶಪುರ, ಆಲೂರು, ಬೇಲೂರು, ಕೊಡಗುಗಳಲ್ಲಿ ತೋಟ ಇಟ್ಟುಕೊಂಡವರು ಹಲವರಿದ್ದೀರಿ. ಹಿಂಡು ತೋಟದಲ್ಲಿರುವ ದಿನ ಕೆಲಸದವರಿಗೆ ನೀವು ಏನು ಮಾಡುತ್ತೀರಿ, ಕೂಲಿ ಕೊಡುತ್ತೀರೋ, ಬೇರೆ ಕೆಲಸ ಹಚ್ಚುತ್ತೀರೋ, ವಾಪಸು ಕಳುಹಿಸುತ್ತೀರೋ, ಸಂಕೋಚವಿಲ್ಲದೆ ನನಗೆ ಬರೆದು ತಿಳಿಸಿ. ಬರೆಯುವ ಮೊದಲು ಕೆಲಸದವರನ್ನೂ ಒಂದು ಮಾತು ಕೇಳಿ.