ಹೆಣ್ಣುಮಕ್ಕಳು ಮುಂದೆ, ಗಂಡುಮಕ್ಕಳು ಎಲ್ಲಿ?

ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡ ವಿದ್ಯಾಸಂಸ್ಥೆಯು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಈಚಿನ ವರ್ಷಗಳಲ್ಲಿ ಅದರ ಘಟಿಕೋತ್ಸವಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಗಿದೆ: ಪದವಿ ಪಡೆಯುವವರಲ್ಲಿ ವಿದ್ಯಾರ್ಥಿನಿಯರೇ ಅಧಿಕ.

ಇದು ಕರಾವಳಿಗೆ ಮಾತ್ರ ಸೀಮಿತವಾದ ಬದಲಾವಣೆಯಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದವರು 4.33 ಕೋಟಿ. ಅವರಲ್ಲಿ ವಿದ್ಯಾರ್ಥಿನಿಯರು 2.07 ಕೋಟಿ, 2014-15ರಲ್ಲಿ ಈ ಸಂಖ್ಯೆ 1.57 ಕೋಟಿಯಾಗಿತ್ತು. ಒಟ್ಟು ಸಂಖ್ಯೆಯಲ್ಲಿ ಯುವಕರೇ ಇನ್ನೂ ಹೆಚ್ಚು. ಏಕೆಂದರೆ ಆ ವಯಸ್ಸಿನ ಜನಸಂಖ್ಯೆಯಲ್ಲಿ ಅವರ ಪಾಲು ದೊಡ್ಡದು. ಆದರೆ 18ರಿಂದ 23 ವರ್ಷದವರ ಜನಸಂಖ್ಯೆಗೆ ಹೋಲಿಸಿದ ದಾಖಲಾತಿ ಪ್ರಮಾಣವು ಯುವತಿಯರಲ್ಲಿ ಶೇ. 28.5, ಯುವಕರಲ್ಲಿ ಶೇ. 28.3.

ಇದರಲ್ಲಿ ಸಂತೋಷಪಡಬೇಕಾದುದು ಬಹಳಷ್ಟಿದೆ. ಮಂಗಳೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದಾಗ ಹೆಣ್ಣುಮಕ್ಕಳಿಗೆ ಪದವಿ ಏಕೆ ಎಂದು ಕೇಳುವವರು ಎಲ್ಲೆಡೆ ಇದ್ದರು. ಅದೇ ಕಾಲದಲ್ಲಿ ಜರ್ಮನಿಯಲ್ಲಿ, ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಎಡಿತ್ ಸ್ಟೈನ್ ಅವರಿಗೆ ಸ್ತ್ರೀಯೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಅಧ್ಯಾಪನದ ದಾರಿ ಮುಚ್ಚಿತ್ತು. 1998ರಲ್ಲಿ ಧರ್ಮಸಭೆಯು ಅವರನ್ನು ಸಂತರ ಪಟ್ಟಕ್ಕೇರಿಸಿತು.

ಆದರೆ ಗಂಡುಮಕ್ಕಳು ಎಲ್ಲಿ? ಇಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಅವರದೇ ಬಹುಮತ. ಕಲೆ, ವಾಣಿಜ್ಯ, ವಿಜ್ಞಾನ ಪದವಿಗಳಿಗೆ ಬರಬೇಕಾಗಿದ್ದ ಅನೇಕರು ಮಾತ್ರ ಪಿ.ಯು.ಸಿ. ಮುಗಿಯುತ್ತಲೇ ಗಲ್ಫ್, ಹಡಗು, ಹೋಟೆಲುಗಳ ಉದ್ಯೋಗವನ್ನು ಅರಸುತ್ತಾರೆ. ದುಡಿಮೆ ಕೀಳಲ್ಲ, ಸಂತ ಜೋಸೆಫರು ಬಡಗಿಯಾಗಿದ್ದರು. ಮನೆಯ ಸಾಲ, ತಂಗಿಯ ಶುಲ್ಕ ಇವುಗಳ ಭಾರವನ್ನು ಹೊತ್ತು ಹೊರಟ ಹುಡುಗನನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಮನೆಯಲ್ಲಿ ಅಂತಹ ಅಗತ್ಯವಿಲ್ಲದಿದ್ದರೂ ಓದು ನಿಲ್ಲುವುದನ್ನು ಧರ್ಮಗುರುಗಳಾದ ನಾವು ಕಾಣುತ್ತಿದ್ದೇವೆ. ಹತ್ತು ವರ್ಷಗಳ ಬಳಿಕ ಬಡ್ತಿಗೆ ಪದವಿ ಕೇಳಿದಾಗ, ಅಥವಾ ವಿದೇಶದ ಕೆಲಸ ಹಠಾತ್ತನೆ ಕೊನೆಗೊಂಡಾಗ, ಅದರ ಬೆಲೆ ತಿಳಿಯುತ್ತದೆ. ವಿವಾಹ ಸಿದ್ಧತೆಗೆ ಬರುವ ಜೋಡಿಗಳಲ್ಲಿ ವಧು ಸ್ನಾತಕೋತ್ತರ ಪದವೀಧರೆ, ವರ ಪಿ.ಯು.ಸಿ. ಎಂಬುದು ಈಗ ಅಪರೂಪವಲ್ಲ. ಪರಸ್ಪರ ಗೌರವವಿದ್ದಲ್ಲಿ ಅದು ತೊಡಕಲ್ಲ. ಕೀಳರಿಮೆಯಿದ್ದಲ್ಲಿ ಸಂಸಾರದ ನೆಮ್ಮದಿ ಕದಡುತ್ತದೆ.

ಯಾವುದೇ ಕ್ರಿಯೆಯನ್ನು ಅರಿಯಲು ಅದರ ಗುರಿಯನ್ನು ಕೇಳಬೇಕೆಂದು ಅರಿಸ್ಟಾಟಲನಿಂದ ಸಂತ ಥಾಮಸ್ ಅಕ್ವಿನಾಸರವರೆಗಿನ ಪರಂಪರೆ ಕಲಿಸುತ್ತದೆ. ಓದಿನ ಗುರಿ ಸಂಬಳವೆಂದು ನಾವು ಮಗನಿಗೆ ಹೇಳಿದ್ದರೆ, ಓದದೆಯೇ ಸಂಬಳ ದೊರೆತಾಗ ಅವನು ಕಾಲೇಜು ಬಿಡುವುದು ತರ್ಕಬದ್ಧವೇ ಆಗಿದೆ! ಮಗಳ ಪದವಿ ಒಳ್ಳೆಯ ಸಂಬಂಧಕ್ಕಾಗಿ ಎಂದಿದ್ದರೆ, ಮದುವೆಯ ಮರುದಿನವೇ ಆ ಪದವಿ ಕಪಾಟು ಸೇರುವುದೂ ಅಷ್ಟೇ ಸಹಜ. ತಪ್ಪು ಒಂದೇ, ರೂಪ ಎರಡು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಘೋಷಣೆಯಲ್ಲಿ ವಿದ್ಯೆಯನ್ನು ಪ್ರತಿಯೊಬ್ಬ ಮಾನವನ ಹಕ್ಕೆಂದು ಸಾರಿತು. ಪೂರ್ಣ ಮಾನವನನ್ನು ರೂಪಿಸುವುದೇ ಅದರ ಗುರಿಯೆಂದಿತು.

ಆದುದರಿಂದ ಪ್ರತಿ ವಾಳೆಯ ಗುರಿಕಾರರು ಪಿ.ಯು.ಸಿ.ಗೆ ಓದು ನಿಲ್ಲಿಸಿದ ಯುವಕರ ಮನೆಗಳಿಗೆ ಒಮ್ಮೆ ಹೋಗಿ ಬರಲಿ. ಶುಲ್ಕವೇ ಅಡ್ಡಿಯಾಗಿದ್ದರೆ ಧರ್ಮಕೇಂದ್ರದ ಸಂಘಗಳು ನೆರವಾಗಲಿ. ದುಡಿಯುತ್ತಲೇ ಓದಬಯಸುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದಾರಿಯಿದೆ. ಹೆತ್ತವರಾದರೋ ಮಗನ ಮೊದಲ ಸಂಬಳವನ್ನು ಲೆಕ್ಕಹಾಕುವ ಮುನ್ನ, ಅವನಿಗೆ ದೇವರು ಕೊಟ್ಟ ತಲಾಂತು ಯಾವುದು ಎಂದು ಅವನೊಡನೆ ಕುಳಿತು ಮಾತನಾಡಲಿ. ಮಗಳೊಡನೆಯೂ ಅದೇ ಮಾತು ನಡೆಯಲಿ.