ಬೆತ್ತದ ಸಸಿ ಬ್ಯಾಡ, ಸಿಂದಿ ಬೀಜ ಊರ್ರಿ

ಹೋದ ವಾರ ಶಹಾಪುರದಾಗಿನ ನಮ್ಮ ನೆಗೆಣ್ಣಿ ಫೋನ್ ಮಾಡಿದ್ಲು. "ಅಕ್ಕಾ, ಮೊಬೈಲ್‌ನ್ಯಾಗ ಬೆತ್ತದ ಸಸಿ ಮಾರ್ಲಾಕತ್ಯಾರ. ಎರಡು ತರಿಸಿ ಅಂಗಳದಾಗ ಹಚ್ತೀನಿ, ಮುಂದ ಕುರ್ಚಿಗಿ ಬೆತ್ತ ಮನ್ಯಾಗೇ ಆಗ್ತದ" ಅಂದ್ಲು. ನಾ "ಬ್ಯಾಡವ್ವಾ" ಅಂದೆ. ಅಕಿಗಿ ಸಿಟ್ಟು ಬಂತು. ಯಾಕ ಬ್ಯಾಡ ಅಂದೆ ಅಂತ ನಿಮಗೆಲ್ಲಾ ಹೇಳ್ತೀನಿ, ಯಾಕಂದ್ರ ಆ ತಪ್ಪು ನಾನೇ ಒಮ್ಮಿ ಮಾಡೀನಿ.

ನಮ್ಮ ಕಡಿ ಬೆತ್ತ ಅಂದ್ರ ಮಾಸ್ತರರ ಕೈಯಾಗಿಂದು, ಇಲ್ಲಾ ಕುರ್ಚಿ, ತೊಟ್ಟಿಲು. ಗಿಡ ನೋಡಿದವರು ಕಡಿಮಿ. ನಾ ಶಿರಸಿ ಕಡಿ ಹೋದಾಗ ಮೊದಲ ಸಲ ನೋಡಿದೆ. ಬಿದಿರು ಒಳಗ ಪೊಳ್ಳು, ಬೆತ್ತ ಒಳಗೂ ಗಟ್ಟಿ. ತೆಂಗು, ಅಡಿಕಿ, ಸಿಂದಿ ಇವುಗಳ ಕುಲದ್ದೇ, ಆದ್ರ ಬಳ್ಳಿ. ಮೈತುಂಬ ಮುಳ್ಳು. ಕೊಕ್ಕಿ ಮುಳ್ಳಿನ ಉದ್ದನ ಎಳಿ ಚಾಚಿ ದೊಡ್ಡ ಗಿಡ ಹಿಡಕೊಂಡು ಮ್ಯಾಲ ಏರ್ತದ.

ಅಲ್ಲಿಂದ ಒಂದು ಸಸಿ ತಂದು ಸುರಪುರದ ನಮ್ಮ ಬಚ್ಚಲದ ಬಾಜೂಕ ಹಚ್ಚಿದೆ. ದಿನಾ ಎರಡು ಕೊಡ ನೀರು ಹಾಕಿದೆ. ಯುಗಾದಿ ತನಕ ಹಸರಿತ್ತು. ಬಿಸಿಗಾಳಿ ಬಿಟ್ಟಿದ್ದೇ ತಡ ಎಲಿ ತುದಿ ಸುಟ್ಟಂಗಾತು, ಮಳಿ ಬರೋದ್ರಾಗ ಒಣಗಿ ಕಟಿಗಿ ಆತು. ಬುಡಕ್ಕ ನೀರು ಕೊಡಬಹುದು, ಗಾಳಿಗಿ ತಂಪು ಎಲ್ಲಿಂದ ತರೋದು? ಯಾದಗಿರಿ, ಶಹಾಪುರ, ಸುರಪುರ ಎಲ್ಲಾ ಕಡಿ ಬ್ಯಾಸಗ್ಯಾಗ ಎರಿ ಭೂಮಿ ಬಾಯಿ ಬಿಡ್ತದ.

ಮಲೆನಾಡಿಗಿ ಮಗಳನ್ನ ಕೊಟ್ಟವರಿದ್ರ ಅಲ್ಲಿ ಹಚ್ಚಸ್ರಿ. ಹಣ್ಣಾದ ಕಾಯಿ ತಂದು, ಹಾವಿನ ಚರ್ಮದಂಥ ಸಿಪ್ಪಿ, ಮ್ಯಾಲಿನ ತಿರುಳು ತೆಗೀಬೇಕು. ಬೀಜ ಬಿಸಲಾಗ ಒಣಗಸಬಾರದು, ಒಣಗಿದ್ರ ಸಾಯ್ತದ. ಹಸಿ ಇದ್ದಾಗೇ ನೆರಳಿನ್ಯಾಗ ಒದ್ದಿ ಮಣ್ಣಿಗಿ ಊರಬೇಕು. ಮೊಳಕಿ ಬರಲಾಕ ತಿಂಗಳುಗಟ್ಲೆ ಹಿಡೀತದ. ಸಸಿ ಗಟ್ಟಿ ಆದ ಮ್ಯಾಲ ಮಳಿಗಾಲದಾಗ ಒಂದು ದೊಡ್ಡ ಗಿಡದ ಬುಡಕ್ಕ ಹಚ್ಚಬೇಕು. ಗಂಡು ಬ್ಯಾರೆ, ಹೆಣ್ಣು ಬ್ಯಾರೆ, ಅದಕ್ಕ ಬೀಜ ಬೇಕಂದ್ರ ನಾಕಾರು ಹಚ್ಚಬೇಕು. ಕಡೀಲಾಕ ಬರೋದು ವರ್ಷಗಟ್ಲೆ ಆದ ಮ್ಯಾಲೇ.

ಇನ್ನೊಂದು ಮಾತು. ನಾ ತಂದ ಸಸಿ ಬೀಜದಿಂದ ಎಬ್ಬಿಸಿದ್ದೋ, ಅಡವ್ಯಾಗಿಂದು ಕಿತ್ತಿದ್ದೋ, ಕೇಳ್ಲೇ ಇಲ್ಲ. ಪರವಾನಗಿ ಇಲ್ದ ಅಡವ್ಯಾಗಿಂದು ಕಿತ್ತರ ಕಾಯ್ದೆದಾಗೂ ತಪ್ಪು. ಅಲ್ಲಿ ಬದುಕಿದ್ದನ್ನ ತಂದು ಇಲ್ಲಿ ಸಾಯಿಸಿದ್ನೇನೋ ಅಂತ ಈಗೂ ಮನಸಿಗಿ ಹತ್ತೇದ.

ಹಚ್ಚಬೇಕಂತ ಆಸೆ ಇದ್ರ ನಮ್ಮ ಸಿಂದಿ ಹಚ್ರಿ. ಈಚಲ ಅಂತೀವಲ್ಲ, ಅದೇ. ಬಿಸಲು ತಡೀತದ, ಹಳ್ಳದ ದಂಡ್ಯಾಗ ತಾನೇ ಬೆಳೀತದ. ನಮ್ಮವ್ವ ಕೂಡೋ ಚಾಪಿ ಅದರದು, ಅಂಗಳ ಉಡುಗೋ ಕಸಬರಿಗಿ ಅದರದು. ಹಣ್ಣು ನಾವು ಜಗಳಾಡಿ ತಿಂದೀವಿ.

ಸಿಂದಿ ಅಂದ ಕೂಡ್ಲೆ ನೀವು ಮಾರಿ ತಿರುವೋದು ನನಗ ಗೊತ್ತದ. ಕುಡಿಯೋರ ನೆಪ್ಪಾಗ್ತದ. ಆ ಸಂಕಟ ನಮ್ಮ ಮನಿನೂ ಉಂಡದ. ಆದ್ರ ಗಿಡ ಯಾರಿಗೂ ಕುಡಿ ಅಂದಿಲ್ಲ. ಕುಡುಕರ ಮ್ಯಾಲಿನ ಸಿಟ್ಟಿಗಿ ಗಿಡ ಕಡಿಸಿದ್ರ ಕುಡುಕ ಅಂಗಡಿಗಿ ಹೋಗ್ತಾನ, ನಮ್ಮ ಚಾಪಿ, ಕಸಬರಿಗಿ ಮಾತ್ರ ಹೋಗ್ತಾವ.

ಕುರ್ಚಿ ಬೆತ್ತ ಹರಿದಿದ್ರ ಒಗೀಬ್ಯಾಡ್ರಿ. ಹೆಣಿಯೋರು ಸಿಕ್ಕರ ಮತ್ತ ಹೆಣಸ್ರಿ, ಚೌಕಟ್ಟು ಗಟ್ಟಿ ಇದ್ರ ಸಾಕು.

ಮಳಿ ಬಿದ್ದ ಮ್ಯಾಲ ಶಹಾಪುರಕ್ಕ ಬರ್ತೀನಿ, ಒಂದು ಮುಷ್ಟಿ ಸಿಂದಿ ಬೀಜ ತರ್ತೀನಿ ಅಂತ ನೆಗೆಣ್ಣಿಗಿ ಹೇಳೀನಿ. ಅಕಿ ಹ್ಞೂಂ ಅಂದಿಲ್ಲ, ಫೋನ್ ಅಂತೂ ಇಟ್ಟಿಲ್ಲ.